ಅಪ್ಡೇಟ್ ಆದ್ಮೇಲೆ ಲ್ಯಾಪ್‌ಟಾಪಲ್ಲಿ ವೈಫೈ ಬಟನ್ನೇ ಮಾಯ, ಯಾರಿಗಾದ್ರೂ ಹೀಗಾಗಿತ್ತಾ?

ನಿನ್ನೆ ರಾತ್ರಿ ಅಪ್ಡೇಟ್ ಆಂಡ್ ಶಟ್‌ಡೌನ್ ಒತ್ತಿ ಮಲಗಿದೆ, ಬೆಳಗ್ಗೆ ಎದ್ದು ನೋಡಿದ್ರೆ ವೈಫೈ ಅನ್ನೋ ಬಟನ್ನೇ ಇಲ್ಲ, ಏರೋಪ್ಲೇನ್ ಮೋಡ್ ಒಂದೇ ಕಾಣ್ತಿದೆ. ವಿಂಡೋಸ್ 11, ಲ್ಯಾಪ್‌ಟಾಪ್ ತಗೊಂಡು ಮೂರು ವರ್ಷ ಆಯ್ತು. ಫೋನು, ಟಿವಿ ಎಲ್ಲ ಅದೇ ರೂಟರಲ್ಲಿ ಚೆನ್ನಾಗೇ ನಡೀತಿವೆ. ಊರಲ್ಲಿ ಕೂತು ಕೆಲ್ಸ ಮಾಡೋದು ನಾನು, ಸೋಮವಾರ ಬೆಳಗ್ಗೆ ಲಾಗಿನ್ ಆಗ್ಲೇಬೇಕು. ಪೇಟೆ ಅಂಗಡಿಗೆ ಫೋನ್ ಮಾಡಿದ್ರೆ ಮಷೀನ್ ನೋಡದೇನೇ "ಫಾರ್ಮ್ಯಾಟ್ ಹೊಡೀಬೇಕು, ಆಗ್ಲಿಲ್ಲ ಅಂದ್ರೆ ಬೋರ್ಡ್ ಹೋಗಿದೆ" ಅಂದ್ಬಿಟ್ರು. ನಿಮ್ಗೆ ಹೀಗಾದಾಗ ಏನ್ ಮಾಡಿದ್ರಿ ಸ್ವಲ್ಪ ಹೇಳಿ.

*

ಫಾರ್ಮ್ಯಾಟ್ ಮಾತ್ರ ಈಗ್ಲೇ ಬೇಡ. ನಾನು ಒಂದ್ಸಲ ಅವಸರದಲ್ಲಿ ಮಾಡಿ, ಮುಗಿದ್ಮೇಲೂ ವೈಫೈ ಬರ್ದೆ, ವೈಫೈ ಕಾರ್ಡಿನ ಡ್ರೈವರ್ (ಕಾರ್ಡನ್ನ ನಡೆಸೋ ಸಾಫ್ಟ್‌ವೇರ್) ಡೌನ್‌ಲೋಡ್ ಮಾಡೋಕೆ ನೆಟ್ ಬೇಕು ನೆಟ್ ಬರೋಕೆ ಡ್ರೈವರ್ ಬೇಕು ಅಂತ ಎರಡು ದಿನ ಕೂತಿದ್ದೆ.

ಮೊದ್ಲು ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೀರಿ, ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ ನೋಡಿ. ಅಲ್ಲಿ ವೈಫೈ ಕಾರ್ಡಿನ ಹೆಸರು ಇದ್ದು ಪಕ್ಕದಲ್ಲಿ ಹಳದಿ ತ್ರಿಕೋನ ಇದ್ರೆ ಡ್ರೈವರ್ ಗಲಾಟೆ ಇರ್ಬಹುದು. ಹೆಸರೇ ಇಲ್ಲ, ಅನ್‌ನೋನ್ ಡಿವೈಸ್ ಅಂತಲೂ ಏನೂ ಇಲ್ಲ ಅಂದ್ರೆ ಮಷೀನಿಗೆ ಕಾರ್ಡೇ ಕಾಣ್ತಿಲ್ಲ ಅಂತ, ಆಗ ಡ್ರೈವರ್ ಎಷ್ಟು ಹಾಕಿದ್ರೂ ಪ್ರಯೋಜನ ಇಲ್ಲ. ಇವೆರಡನ್ನ ಬೇರೆ ಮಾಡ್ಕೊಳ್ದೆ ಯೂಟ್ಯೂಬ್ ನೋಡಿ ಸಿಕ್ಕಿದ್ದೆಲ್ಲ ಒತ್ತೋರೇ ಜಾಸ್ತಿ. ಬ್ಲೂಟೂತ್ ಕೂಡ ಹೋಗಿದ್ಯಾ ನೋಡಿ, ಸುಮಾರು ಲ್ಯಾಪ್‌ಟಾಪಲ್ಲಿ ಎರಡೂ ಒಂದೇ ಕಾರ್ಡಲ್ಲಿ ಇರುತ್ತೆ, ಎರಡೂ ಒಟ್ಟಿಗೆ ಮಾಯ ಆಗಿದ್ರೆ ಕಾರ್ಡೇ ಮಲ್ಕೊಂಡಿದೆ ಅನ್ನೋ ಅನುಮಾನ ಜಾಸ್ತಿ.

ಮಲ್ಕೊಂಡಿದ್ರೆ ಎಬ್ಬಿಸೋದು ಹೀಗೆ: ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಯುಎಸ್‌ಬಿಲಿ ಏನೇನಿದೆಯೋ ಎಲ್ಲ ತೆಗ್ದು, ಪವರ್ ಬಟನ್ ಒಂದು 30 ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಆಮೇಲೆ ಆನ್ ಮಾಡಿ. ಪೂರ್ತಿ ಆಫ್ ಅಂತ ಒತ್ತಿ ಹೇಳ್ತಿರೋದು ಯಾಕಂದ್ರೆ ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅನ್ನೋದು ಅರ್ಧ ನಿದ್ದೆ ಅಷ್ಟೆ, ಒಳಗಿನ ಸ್ಥಿತಿನ ಡಿಸ್ಕಲ್ಲಿ ಬರ್ದಿಟ್ಟು ಮಾರ್ನೇ ದಿನ ಅದನ್ನೇ ಎತ್ಕೊಳ್ಳುತ್ತೆ, ಕೆಟ್ಟಿದ್ದೂ ಹಾಗೇ ವಾಪಸ್ ಬರುತ್ತೆ. ಶಿಫ್ಟ್ ಹಿಡ್ಕೊಂಡು ಶಟ್‌ಡೌನ್ ಒತ್ತಿದ್ರೆ ನಿಜವಾಗ್ಲೂ ಆಫ್ ಆಗುತ್ತೆ. ನಮ್ಮನೆಯವ್ರ ಲ್ಯಾಪ್‌ಟಾಪಲ್ಲಿ ಇಷ್ಟಕ್ಕೇ ಸರಿಹೋಯ್ತು, ನಂಗೇ ನಂಬಿಕೆ ಬರ್ಲಿಲ್ಲ.

*

ಎಫ್2 ಅಥವಾ ಎಫ್12 ಕೀ ಮೇಲೆ ವಿಮಾನದ ಚಿತ್ರ ಇದ್ಯಾ ನೋಡಿ. ನಮ್ ಮಗು ಒತ್ತಿದ್ದು, ನಾನು ಅಪ್ಡೇಟಿಗೆ ಬೈದಿದ್ದು.

*

ನಮ್ದೂ ಇದೇ ಕಥಿ ಇತ್ತ್ರೀ, ಧಾರವಾಡದಾಗ ಇರ್ತೀನಿ. ನೆಟ್ ಇಲ್ಲದ ಡ್ರೈವರ್ ಹೆಂಗ್ ತರೂದು ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ಫೋನ್ ಡೇಟಾ ಕೇಬಲ್ಲಿಂದ ಹಚ್ಚಿ ಸೆಟ್ಟಿಂಗ್ಸನ್ಯಾಗ ಯುಎಸ್‌ಬಿ ಟೆಥರಿಂಗ್ ಆನ್ ಮಾಡ್ರಿ, ಆಂಡ್ರಾಯ್ಡ್ ಇದ್ರ ಲ್ಯಾಪ್‌ಟಾಪಿಗೆ ತಂತಿ ನೆಟ್ ಬಂದಂಗ ಕಾಣ್ತದ. ಬರೀ ಚಾರ್ಜ್ ಆಗೂ ಕೇಬಲ್ ಇದ್ರ ಆಗಂಗಿಲ್ಲ, ನಾನು ಅದರಾಗ ಒಂದ್ ತಾಸು ಕಳದೀನಿ.

ಹಳದಿ ಗುರ್ತ ಬಂದಿದ್ರ ಅದರ ಪ್ರಾಪರ್ಟೀಸಿಗೆ ಹೋಗಿ ಕೋಡ್ ಎಷ್ಟ್ ಐತಿ ಓದ್ರಿ. ನಂದು ಕೋಡ್ 10 ಇತ್ತು, ಅಂದ್ರ ಡಿವೈಸ್ ಚಾಲೂ ಆಗವಲ್ದು ಅಂತ. ಡ್ರೈವರ್ ಟ್ಯಾಬಿನ್ಯಾಗ ರೋಲ್ ಬ್ಯಾಕ್ ಇರ್ತದ, ಅದು ಹಳೇ ಡ್ರೈವರಿಗೆ ವಾಪಸ್ ಒಯ್ಯುವಂಥದ್ದು. ನನಗ ಅದೂ ಮಸುಕಾಗಿತ್ತು, ಒತ್ತಾಕ ಬರ್ತಿರ್ಲಿಲ್ಲ. ಆಗ ಅಪ್ಡೇಟ್ ಡ್ರೈವರ್ ಒತ್ತಿ, ಬ್ರೌಸ್ ಮೈ ಕಂಪ್ಯೂಟರ್, ಆಮ್ಯಾಲ ಲೆಟ್ ಮಿ ಪಿಕ್ ಅಂತ ಹೋದ್ರ ಮಷೀನಿನ್ಯಾಗ ಉಳಿದಿರೂ ಹಳೇ ವರ್ಷನ್ನೂ ತೋರಸ್ತದ. ಕಡಿಮಿ ನಂಬರಿಂದು ಆರಿಸಿದೆ, ಒಂದ್ ನಿಮಿಷದಾಗ ವೈಫೈ ಬಂತು ನೋಡ್ರಿ.

ಒಂದ್ ಮಾತು, ಅನ್‌ಇನ್‌ಸ್ಟಾಲ್ ಮಾಡೂ ಮುಂದ ಡ್ರೈವರ್ ಫೈಲೂ ತೆಗೀಲೇನು ಅಂತ ಟಿಕ್ ಕೇಳ್ತದ, ಬ್ಯಾರೆ ಡ್ರೈವರ್ ಕೈಯಾಗ ಇಲ್ಲದ ಅದನ್ನ ಹಾಕಬ್ಯಾಡ್ರಿ.

*

ಮೇಲಿನವರು ಹೇಳಿದ್ದಕ್ಕೆ ಒಂಚೂರು ಸೇರಿಸ್ತೀನಿ. ಕಾರ್ಡ್ ಯಾವ್ದು ಅಂತಾನೇ ಗೊತ್ತಿಲ್ದಿದ್ರೆ, ಅನ್‌ನೋನ್ ಡಿವೈಸ್ ಅಂತ ಬರ್ತಿದ್ರೆ, ಪ್ರಾಪರ್ಟೀಸಲ್ಲಿ ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿ. ವೆನ್ (VEN, ಚಿಪ್ ಮಾಡಿದ ಕಂಪನಿಯ ಗುರುತು) ಅಂತ ಇರೋದರ ಮುಂದೆ 8086 ಇದ್ರೆ ಇಂಟೆಲ್, 10ಇಸಿ ಇದ್ರೆ ರಿಯಲ್‌ಟೆಕ್, 14ಇ4 ಇದ್ರೆ ಬ್ರಾಡ್‌ಕಾಮ್. ಡ್ರೈವರನ್ನ ಲ್ಯಾಪ್‌ಟಾಪ್ ಕಂಪನಿ ಸೈಟಲ್ಲಿ ಮಾಡೆಲ್ ನಂಬರ್ ಹಾಕಿ ತಗೊಳ್ಳಿ. ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಲ್ಲಿ ಅಂತ ಬರೋ ಸಾಫ್ಟ್‌ವೇರ್‌ಗಳ ಸಹವಾಸ ಬೇಡ, ಒಂದ್ಸಲ ಹಾಕಿ ವೈಫೈ ಬಂತು ಸೌಂಡ್ ಹೋಯ್ತು.

ನೆಟ್‌ವರ್ಕ್ ರಿಸೆಟ್ ಅಂತ ಒಂದಿದೆಯಲ್ಲ, ಅದನ್ನ ಕೊನೆಗಿಟ್ಕೊಳ್ಳಿ. ಸೇವ್ ಆಗಿರೋ ವೈಫೈ ಪಾಸ್‌ವರ್ಡ್ ಎಲ್ಲ ಅಳ್ಸುತ್ತೆ, ಆಫೀಸ್ ವಿಪಿಎನ್ ಇದ್ರೆ ಅದನ್ನೂ ಮತ್ತೆ ಸೆಟಪ್ ಮಾಡ್ಬೇಕಾಗ್ಬಹುದು, ಭಾನುವಾರ ಐಟಿಯವ್ರು ಫೋನ್ ಎತ್ತಲ್ಲ.

*

ಎಲ್ಲ ಸಲ ನಮ್ ಮಷೀನಿಂದೇ ತಪ್ಪು ಅಂತಲೂ ಅಲ್ಲ. 2023ರ ಡಿಸೆಂಬರಲ್ಲಿ ವಿಂಡೋಸ್ 11ರ ಅಪ್ಡೇಟ್ ಆದ್ಮೇಲೆ ಕೆಲವ್ರಿಗೆ ಕಾಲೇಜು, ಆಫೀಸ್ ವೈಫೈ ಕನೆಕ್ಟ್ ಆಗ್ತಿರ್ಲಿಲ್ಲ, ಮನೆ ವೈಫೈಗೆ ಸಾಮಾನ್ಯವಾಗಿ ತೊಂದ್ರೆ ಇರ್ಲಿಲ್ಲ. ಮೈಕ್ರೋಸಾಫ್ಟೇ ಒಪ್ಕೊಂಡು ಆ ಬದಲಾವಣೆನ ವಾಪಸ್ ತಗೊಳ್ತು. ಅದ್ರಿಂದ ಒಂದು ಜಾಗದಲ್ಲಿ ಬಂದು ಇನ್ನೊಂದು ಜಾಗದಲ್ಲಿ ಬರ್ದಿದ್ರೆ ಡ್ರೈವರ್ ಕಿತ್ತಾಕೋ ಮುಂಚೆ ಪಕ್ಕದವ್ರಿಗೂ ಹಾಗೇ ಆಗಿದ್ಯಾ ಕೇಳಿ. ಈ ಪ್ರಶ್ನೆ ಕೇಳಿದವ್ರದ್ದು ಅದಲ್ಲ ಬಿಡಿ, ಬಟನ್ನೇ ಇಲ್ಲ ಅಂತಿದಾರಲ್ಲ.

*

ವಿಂಡೋಸ್ ಬದ್ಲು ಉಬುಂಟು, ಮಿಂಟ್ ಥರ ಲಿನಕ್ಸ್ ಇರೋರು ಯಾರಾದ್ರೂ ಓದ್ತಿದ್ರೆ ಅಂತ ಹೇಳ್ತೀನಿ. ನನ್ನ ಹಳೇ ಲ್ಯಾಪ್‌ಟಾಪಿನ ಚಿಪ್ಪಿಗೆ ಡ್ರೈವರ್ ಕರ್ನಲ್ (ಲಿನಕ್ಸಿನ ತಿರುಳು ಭಾಗ) ಒಳಗಿಲ್ಲ, ಹೊರಗಿಂದ ಹಾಕ್ಬೇಕು, ಹೊಸ ಕರ್ನಲ್ ಬಂದಾಗೆಲ್ಲ ಡಿಕೆಎಂಎಸ್ ಅನ್ನೋದು ಅದನ್ನ ತಾನೇ ಕಟ್ಕೊಡುತ್ತೆ. ಕಟ್ಟೋಕೆ ಆ ಕರ್ನಲ್ಲಿನ ಹೆಡರ್ಸ್ ಅನ್ನೋ ಫೈಲ್‌ಗಳು ಬೇಕು. ಜಾಗ ಉಳ್ಸೋಣ ಅಂತ ನಾನೇ ಜಾಣತನ ಮಾಡಿ ಲಿನಕ್ಸ್ ಹೆಡರ್ಸ್ ಜೆನೆರಿಕ್ ಪ್ಯಾಕೇಜ್ ತೆಗ್ದಿದ್ದೆ, ಮುಂದಿನ ಅಪ್ಡೇಟಿಗೆ ವೈಫೈ ಖಲಾಸ್. ಸದ್ಯಕ್ಕೆ ಬದುಕೋದಕ್ಕೆ ಆನ್ ಆಗೋವಾಗ ಬರೋ ಗ್ರಬ್ ಮೆನುವಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೇ ಕರ್ನಲ್ ಆರಿಸಿ ಬೂಟ್ ಮಾಡಿ, ವೈಫೈ ಬರುತ್ತೆ, ಆಮೇಲೆ ನಿಧಾನಕ್ಕೆ ಹೆಡರ್ಸ್ ಹಾಕ್ಕೊಳ್ಳಿ. ಸೆಕ್ಯೂರ್ ಬೂಟ್ ಆನ್ ಇದ್ರೆ ಸಹಿ ಇಲ್ಲದ ಡ್ರೈವರ್ ಲೋಡ್ ಆಗಲ್ಲ, ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನಲ್ಲಿ ಕೀ ಎನ್‌ರೋಲ್ ಮಾಡ್ತೀರಾ ಅಂತ ಕೇಳುತ್ತೆ, ನಾನು ಓದ್ದೆ ಕಂಟಿನ್ಯೂ ಒತ್ತಿ ಮತ್ತೆ ಮೊದಲಿಂದ ಶುರು ಮಾಡಿದೆ.

*

ಪ್ರಶ್ನೆ ಕೇಳಿದವ್ನು ನಾನೇ. ಡಿವೈಸ್ ಮ್ಯಾನೇಜರಲ್ಲಿ ಕಾರ್ಡ್ ಹೆಸರೇ ಇರ್ಲಿಲ್ಲ, ಬ್ಲೂಟೂತೂ ಇರ್ಲಿಲ್ಲ. ಚಾರ್ಜರ್ ಕಿತ್ತು 30 ಸೆಕೆಂಡ್ ಒತ್ತಿದ್ಮೇಲೆ ಎರಡೂ ಬಂದ್ವು, ಆದ್ರೆ ವೈಫೈಗೆ ಹಳದಿ ಗುರುತು, ಕೋಡ್ 10. ರೋಲ್ ಬ್ಯಾಕ್ ನಂಗೂ ಮಸುಕು. ಧಾರವಾಡದವ್ರು ಹೇಳಿದ ಹಾಗೆ ಲಿಸ್ಟಿಗೆ ಹೋದ್ರೆ ಎರಡು ವರ್ಷನ್ ಇದ್ವು, ಹಳೇದು ಆರಿಸಿದೆ, ಈಗ ವೈಫೈಯಿಂದಾನೇ ಟೈಪ್ ಮಾಡ್ತಿದೀನಿ. ಸೋಮವಾರದ ಭಯಕ್ಕೆ ಅಪ್ಡೇಟನ್ನ 5 ವಾರ ತಡೆದಿಟ್ಟಿದೀನಿ, ಫಾಸ್ಟ್ ಸ್ಟಾರ್ಟಪ್ಪೂ ತೆಗ್ದೆ, ಬೂಟ್ ಆಗೋದು ಸ್ವಲ್ಪ ನಿಧಾನ ಆಗಿದೆ, ಇರ್ಲಿ. ಬ್ಲೂಟೂತ್ ಮೌಸ್ ಮಾತ್ರ ಮತ್ತೆ ಪೇರ್ ಮಾಡ್ಬೇಕಾಯ್ತು.