ಚಕ್ರದ ಮೇಲೆ ಪುಟ್ಟ ಮನೆ: ನಮ್ಮ ಮಳೆಗೆ, ನಮ್ಮ ರಸ್ತೆಗೆ ಆಗುತ್ತದಾ?

ಪ್ರಶ್ನೆ (ಕಟಪಾಡಿಯ ಸದಸ್ಯೆ): ನಮಸ್ಕಾರ ಸರ್. ನಾವಿರುವುದು ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ, ಅಮ್ಮನ ಕುಟುಂಬದ ಜಾಗದಲ್ಲಿ. ಪಾಲು ಇನ್ನೂ ಆಗಿಲ್ಲ. ಈಗ ಕೆಂಪುಕಲ್ಲಿನ ಮನೆ ಕಟ್ಟಿದರೆ ನಾಳೆ ಆ ಜಾಗ ಬೇರೆಯವರ ಪಾಲಿಗೆ ಹೋಗಬಹುದು. ಹಾಗಾಗಿ ಟ್ರೇಲರ್ ಮೇಲೆ 20 ಅಡಿ ಉದ್ದ, 10 ಅಡಿ ಅಗಲದ ಮನೆ ಕಟ್ಟುವ ಯೋಚನೆ. ಹೆಂಚಿನ ಮಾಡು, ಮಲಗಲು ಅಟ್ಟ, ಸಣ್ಣ ಅಡುಗೆಮನೆ, ಬಾತ್‌ರೂಮ್ ಇದ್ದರೆ ಸಾಕು. ಇರುವುದು ನಾನು, ಅಮ್ಮ ಇಬ್ಬರೇ. ಮಳೆಗೆ ಇದು ತಡೆಯುತ್ತದಾ? ಪಾಲಾದ ಮೇಲೆ ಹೆಬ್ರಿಯ ಜಾಗಕ್ಕೆ ಒಯ್ಯಬಹುದಾ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್, ಮಂಗಳೂರು): ನಿಮ್ಮ ಕಾರಣ ಸರಿಯಾಗಿದೆ ಮೇಡಂ. ನಮ್ಮ ಜಿಲ್ಲೆಗಳಲ್ಲಿ ಪಾಲಾಗದ ಜಾಗದಲ್ಲಿ ದುಡ್ಡು ಸುರಿಯಲು ಎಲ್ಲರಿಗೂ ಭಯ. ಆದರೆ ನೀವು ಹೇಳಿದ ಪ್ರಕಾರ ಈ ಮನೆ ಜಾಗ ಬದಲಿಸುವುದು ಒಂದೇ ಸಲ. ಅದಕ್ಕಾಗಿ ವರ್ಷಗಟ್ಟಲೆ ಚಕ್ರ ಸಾಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಂತಲ್ಲೇ ನಿಂತ ಟೈರು ಬಿಸಿಲಿಗೆ ಬಿರಿಯುತ್ತದೆ. ಬೇರಿಂಗ್, ಬ್ರೇಕ್ ಕಡಲಗಾಳಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಹೊರಡುವ ದಿನ ಎಲ್ಲವನ್ನೂ ಹೊಸದಾಗಿ ಹಾಕಿಸಬೇಕಾಗುತ್ತದೆ.

ಕಾಯ್ದೆಯನ್ನೂ ನೋಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ರಸ್ತೆಗೆ ಇಳಿಯಬೇಕಾದರೆ ಅದಕ್ಕೂ ನೋಂದಣಿ ಬೇಕು. ಅಗಲ 2.6 ಮೀಟರ್, ಅಂದರೆ ಸುಮಾರು ಎಂಟೂವರೆ ಅಡಿ ಮೀರುವಂತಿಲ್ಲ. 10 ಅಡಿ ಅಗಲದ ಆಸೆ ಇಲ್ಲಿಗೇ ಬಿಡಿ.

ನಾನು ಹೇಳುವ ದಾರಿ ಬೇರೆ. ಮನೆಯನ್ನು ಕಂಟೇನರ್ ಅಳತೆಗೇ ಕಟ್ಟಿ: 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಅಡಿಯಲ್ಲಿ ಗಟ್ಟಿ ಸ್ಟೀಲ್ ಫ್ರೇಮ್. ಕಂಟೇನರ್‌ಗೆ ಇರುವಂಥದ್ದೇ ಕಾರ್ನರ್ ಕಾಸ್ಟಿಂಗ್ (ಎತ್ತಲು, ಲಾಕ್ ಮಾಡಲು ತೂತಿರುವ ಉಕ್ಕಿನ ಮೂಲೆತುಂಡು) ನಾಲ್ಕೂ ಮೂಲೆಗೆ. ಪಣಂಬೂರು ಬಂದರಿಗೆ ಕಂಟೇನರ್ ಹೊತ್ತ ಟ್ರೇಲರ್‌ಗಳು ಓಡಾಡುತ್ತಲೇ ಇರುತ್ತವೆ ಅಲ್ವಾ? ಬೇಕಾದ ದಿನ ಅದರಲ್ಲೊಂದನ್ನು ಬಾಡಿಗೆಗೆ ಕರೆಸಿ, ಹೈಡ್ರಾ ಕ್ರೇನಿನಲ್ಲಿ ಎತ್ತಿಡಿಸಿದರೆ ಆಯ್ತು. ಮೂಲೆಗಳು ಅದರ ಲಾಕಿಗೆ ಸರಿಯಾಗಿ ಕೂರುತ್ತವೆ. ಚಕ್ರ ನಿಮ್ಮದಾಗಿರಬೇಕಿಲ್ಲ. ಹೆಬ್ರಿಗೆ ಘಾಟಿ ಹತ್ತುವ ತೊಂದರೆಯೂ ಇಲ್ಲ. ಆಗುಂಬೆ ಘಾಟಿ ಸಿಗುವುದು ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ.

ಈ ಎತ್ತರದಲ್ಲಿ ಅಟ್ಟ ಬರುವುದಿಲ್ಲ. ಬರದಿದ್ದರೇ ಒಳ್ಳೆಯದು. ರಾತ್ರಿ ಎದ್ದು ಏಣಿ ಇಳಿಯುವ ಕಷ್ಟ ಅಮ್ಮನಿಗೆ ಯಾಕೆ?

ಈಗ ಹೆಂಚು. ನನಗೂ ಹೆಂಚಿನ ಮನೆಯೇ ಇಷ್ಟ, ಆದರೆ ತೂಕ ನೋಡಿ. ನಿಮ್ಮ ಮಾಡು ಸುಮಾರು 15 ಚದರ ಮೀಟರ್. ಒಂದು ಮಂಗಳೂರು ಹೆಂಚು ಎರಡೂವರೆ ಕಿಲೋ ಆಸುಪಾಸು, ಚದರ ಮೀಟರಿಗೆ 15ರಷ್ಟು ಬೇಕು. ಹೆಂಚಿನದೇ 550 ಕಿಲೋ ದಾಟಿತು. ಮೇಲೆ ಹೆಂಚು ಹೊರುವ ಮರದ ಪಕ್ಕಾಸು, ರೀಪಿನ ತೂಕ. ಮಳೆನೀರು ಹೀರಿದರೆ ಇನ್ನೂ ಜಾಸ್ತಿ. ಸಾಗಿಸುವಾಗ ಒಂದೊಂದಾಗಿ ಜಾರುತ್ತವೆ ಕೂಡ. ಅರ್ಧ ಮಿಲಿಮೀಟರ್ ದಪ್ಪದ ಕಲರ್ ಶೀಟ್ ಅದೇ ಜಾಗಕ್ಕೆ 70 ಕಿಲೋದಲ್ಲಿ ಮುಗಿಯುತ್ತದೆ. ಮರದಲ್ಲೂ ಇದೇ ಲೆಕ್ಕ. ಕಿರಾಲ್‌ಬೋಗಿ ಮರ ಗಟ್ಟಿ, ಆದರೆ ಭಾರ. ಬಾಗಿಲಿಗೆ ಸಾಗುವಾನಿ ಸಾಕು.

ಮಳೆಯ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಇಂಥ ಮನೆ ನಮ್ಮಲ್ಲಿ ಹಾಳಾಗುವುದು ಅಲ್ಲೇ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅದೂ ನೇರ ಬೀಳುವುದಿಲ್ಲ, ಪಡುವಣ ಗಾಳಿಗೆ ಓರೆಯಾಗಿ ಗೋಡೆಗೇ ಹೊಡೆಯುತ್ತದೆ. ಹೊರದೇಶದ ವೀಡಿಯೊಗಳಲ್ಲಿ ಕಾಣುವ ಮನೆಗಳಿಗೆ ಮಾಡಿನ ಇಳಿಜಾರು ಗೋಡೆಯಿಂದ ಹೊರಗೆ ಬರುವುದೇ ಇಲ್ಲ, ಅಗಲದ ಮಿತಿ ಹಾಗಿದೆ. ನಮ್ಮಲ್ಲಿ ಅದು ಆಗದು. ಊರಲ್ಲಿ ತಾರಸಿ ಮೇಲೆ ಶೀಟ್ ಹಾಕುತ್ತೇವಲ್ಲ, ಹಾಗೆ ಮನೆಯ ಮೇಲೆ ಇನ್ನೊಂದು ಶೀಟಿನ ಮಾಡು ಮಾಡಿಸಿ. ನಾಲ್ಕೂ ಕಡೆ ಮೂರು ಅಡಿ ಹೊರಗೆ ಬರಲಿ. ಅದರ ಕಂಬಗಳು ಮನೆಯ ಮೇಲೆ ಕೂರದೆ ನೆಲದಲ್ಲಿ ತಮ್ಮದೇ ಕಾಂಕ್ರೀಟ್ ಬುಡದಲ್ಲಿರಲಿ, ಎಲ್ಲ ಜೋಡಣೆ ಬೋಲ್ಟಿನಲ್ಲಿರಲಿ. ಹೊರಡುವಾಗ ಬಿಚ್ಚಿ ಒಯ್ಯಬಹುದು. ಎರಡು ಮಾಡುಗಳ ನಡುವೆ ಗಾಳಿ ಆಡುವುದರಿಂದ ಏಪ್ರಿಲ್, ಮೇ ಸೆಕೆಯೂ ಎಷ್ಟೋ ಕಡಿಮೆಯಾಗುತ್ತದೆ.

ಬಾಗಿಲು ಮೂಡಣಕ್ಕೆ ಇಡಿ. ಹೊರಗೋಡೆಗೆ ಸಿಮೆಂಟ್ ಬೋರ್ಡ್, ಅದರ ಹಿಂದೆ 20 ಮಿಲಿಮೀಟರ್ ಖಾಲಿ ಜಾಗ, ಆಮೇಲೆ ನೀರು ತಡೆಯುವ ಹಾಳೆ. ಬೋರ್ಡ್ ದಾಟಿ ಬಂದ ನೀರು ಆ ಸಂದಿಯಲ್ಲೇ ಕೆಳಗಿಳಿದು ಹೋಗುತ್ತದೆ. ಒಳಗಿನ ಪ್ಲೈವುಡ್ ಐಎಸ್ 710 ಗುರುತಿನ ಮರೀನ್ ಪ್ಲೈ ಇರಲಿ. ಅಡಿಯ ಫ್ರೇಮನ್ನು ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದುವುದು) ಮಾಡಿಸಿ. ಮೊದಲೇ ಸತು ಲೇಪಿಸಿದ ಜಿಐ ಪೈಪ್ ತಂದು ಬೆಸೆದರೆ ಬೆಸೆದ ಕಡೆ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರು. ಮನೆಯನ್ನು ಎರಡು ಅಡಿ ಎತ್ತರದ ಕೆಂಪುಕಲ್ಲಿನ ಕಂಬಗಳ ಮೇಲೆ ಕೂರಿಸಿ, ಅಡಿಭಾಗ ತೆರೆದೇ ಇರಲಿ. ನೆಲದ ತೇವ ಒಣಗುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ನಾಲ್ಕು ಮೂಲೆಯನ್ನೂ ನೆಲದೊಳಗಿನ ಕಾಂಕ್ರೀಟ್ ದಿಮ್ಮಿಗೆ ವೈರ್ ರೋಪಿನಲ್ಲಿ ಬಿಗಿಯಲೇಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಿಮಗೆ ನೆನಪಿರಬೇಕು.

ಪ್ರಶ್ನೆ (ಸುರತ್ಕಲ್‌ನ ಸದಸ್ಯ): ನನಗೆ ನಿಜವಾಗಿ ತಿರುಗಾಡುವ ಮನೆಯೇ ಬೇಕು ಸರ್. ನನ್ನ ಎಸ್‌ಯುವಿಯಲ್ಲಿ ಎಳೆಯಬಹುದಾ?

ಉತ್ತರ: 20 ಅಡಿಯ ಮನೆ ಸಾಮಾನು ಸೇರಿ ಮೂರೂವರೆಯಿಂದ ನಾಲ್ಕೂವರೆ ಟನ್ ಬರುತ್ತದೆ. ಅದು ಎಸ್‌ಯುವಿ ಕೆಲಸವಲ್ಲ. ನಿಮಗೆ 12-14 ಅಡಿಯ ಹಗುರ ಕ್ಯಾರವಾನ್ ಸರಿ. ಗಾಡಿಯ ಎಳೆಯುವ ಮಿತಿ ಎಷ್ಟೆಂದು ಕಂಪನಿಯ ಪುಸ್ತಕದಲ್ಲಿ ನೋಡಿ, ಅದರೊಳಗೇ ಇರಿ. ಟೈಪ್ ಅಪ್ರೂವಲ್ (ಆ ಮಾದರಿಗೆ ಪರೀಕ್ಷೆ ಮಾಡಿ ಕೊಟ್ಟ ಮಂಜೂರಾತಿ) ಇರುವ ಟ್ರೇಲರನ್ನೇ ಕೊಳ್ಳಿ. ವರ್ಕ್‌ಶಾಪಿನಲ್ಲಿ ಸುಮ್ನೆ ಬೆಸೆದು ತಂದದ್ದಕ್ಕೆ ನೋಂದಣಿ ಸಿಗುವುದಿಲ್ಲ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಹುಕ್ಕಿನ ಮೇಲೆ ಬೀಳಬೇಕು. ಹಿಂದೆ ಭಾರ ಜಾಸ್ತಿಯಾದರೆ ಹೆದ್ದಾರಿಯಲ್ಲಿ ವೇಗ ಹಿಡಿದಾಗ ಟ್ರೇಲರ್ ಅತ್ತಿತ್ತ ಓಲಾಡಿ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ನೀರಿನ ಟ್ಯಾಂಕ್ ಖಾಲಿ ಮಾಡಿಯೇ ಹೊರಡಿ. 300 ಲೀಟರ್ ಅಂದರೆ 300 ಕಿಲೋ.

ಪ್ರಶ್ನೆ (ಕಟಪಾಡಿಯ ಸದಸ್ಯೆ): ತುಂಬಾ ಉಪಕಾರ ಆಯ್ತು ಸರ್. ಕಂಟೇನರ್ ಅಳತೆಯೇ ಇರಲಿ. ಟಾಯ್ಲೆಟ್ ಹೇಗೆ? ಮತ್ತೆ, ಅಡಿಪಾಯ ಇಲ್ಲದ ಮನೆಗೆ ಪರವಾನಗಿ ಬೇಡ ಅನ್ನುತ್ತಾರೆ. ಹೌದಾ? ಪಕ್ಕದ ಕುಮ್ಕಿ ಜಾಗದಲ್ಲಿ ಇಡಬಹುದು ಅಂತ ಮಾವ ಹೇಳುತ್ತಿದ್ದಾರೆ.

ಉತ್ತರ: ಕುಮ್ಕಿಯಲ್ಲಿ ಬೇಡವೇ ಬೇಡ. ಅದು ಸರ್ಕಾರಿ ಜಾಗ. ಸೊಪ್ಪು, ಸೌದೆ, ಮೇವಿನಂಥ ಸೌಲಭ್ಯ ಮಾತ್ರ ವರ್ಗದಾರರಿಗೆ, ಅಂದರೆ ಪಕ್ಕದ ಸ್ವಂತ ಜಾಗದವರಿಗೆ. ಅಡಿಪಾಯ ಇಲ್ಲ ಎಂಬ ನೆಪ ನಂಬಬೇಡಿ. ಕೃಷಿ ಜಾಗದಲ್ಲಿ ವಾಸದ ಮನೆ ಅಂದರೆ ಕೃಷಿ ಜಾಗವನ್ನು ಬೇರೆ ಬಳಕೆಗೆ ಪರಿವರ್ತಿಸುವ ಬಗೆಗಿನ ಭೂಕಂದಾಯ ಕಾಯ್ದೆಯ 95ನೇ ಕಲಂ ಬರುತ್ತದೆ. ಆರ್‌ಟಿಸಿ ಹಿಡಿದು ಪಂಚಾಯತಿನಲ್ಲಿ ಮೊದಲೇ ಕೇಳಿ, ಕುಟುಂಬದವರ ಒಪ್ಪಿಗೆ ಕಾಗದದಲ್ಲಿ ಪಡೆಯಿರಿ. ಕಡಲು, ಉಪ್ಪುನೀರಿನ ಹೊಳೆ ಹತ್ತಿರವಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿದೆ ನೋಡಿಸಿ.

ಟಾಯ್ಲೆಟ್‌ಗೆ ಬರೇ ಇಂಗುಗುಂಡಿ ತೆಗೆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೆಲದ ನೀರು ಮೇಲೆ ಬಂದು ತುಂಬಿ ಉಕ್ಕುತ್ತದೆ. ನೀರು ಒಸರದ ಸೆಪ್ಟಿಕ್ ಟ್ಯಾಂಕ್ ಇಟ್ಟು, ಹೊರಬರುವ ನೀರನ್ನು ಎತ್ತರದ ಕಡೆ ಇಂಗಿಸಿ. ಬಾವಿಯಿಂದ 50 ಅಡಿಗೆ ಕಡಿಮೆ ಬೇಡ. ಕರೆಂಟ್ ವೈರಿಂಗ್ ಮಾಡುವಾಗ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಸ್ಟೀಲ್ ಫ್ರೇಮಿಗೆ ಅರ್ತಿಂಗ್ ಕೊಡಿಸಿ. ಕಬ್ಬಿಣದ ಮನೆ, ಒದ್ದೆ ನೆಲ. ಇದರಲ್ಲಿ ಉಳಿತಾಯ ಬೇಡ.

ನಕ್ಷೆ ಬರೆಯುವ ಮೊದಲು ಒಂದು ಕೆಲಸ ಮಾಡಿ. ಮುಖ್ಯರಸ್ತೆಯಿಂದ ನಿಮ್ಮ ಅಂಗಳದವರೆಗೆ ಟೇಪ್ ಹಿಡಿದು ನಡೆಯಿರಿ. ತಿರುವಿನ ಅಗಲ, ಗೇಟಿನ ಅಗಲ, ಅಡ್ಡ ಬರುವ ಮೆಸ್ಕಾಂ ತಂತಿ, ಬಾಗಿದ ತೆಂಗು ಎಲ್ಲ ಬರೆದುಕೊಳ್ಳಿ. ಹೆಬ್ರಿಯ ಜಾಗದಲ್ಲೂ ಹಾಗೇ. ಟ್ರೇಲರ್ ಒಳಗೆ ಬರದಿದ್ದರೆ ಮನೆಯನ್ನು ಹತ್ತತ್ತು ಅಡಿಯ ಎರಡು ತುಂಡಾಗಿ ಮಾಡಿ ಬೋಲ್ಟ್ ಹಾಕಿ ಜೋಡಿಸಬೇಕಾಗುತ್ತದೆ. ಅದನ್ನು ಈಗಲೇ ನಿರ್ಧರಿಸಬೇಕು. ಅಳತೆಗಳನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.