ಮಂಗಳೂರಿನ ಮಳೆಗೆ ಕೈಮಗ್ಗದ ಉಣ್ಣೆ ನೆಲಹಾಸು ತಡೆಯುತ್ತದಾ?

ಬಿಜೈ_ಫ್ಲಾಟ್:
ಎಲ್ಲರಿಗೂ ನಮಸ್ಕಾರ. ನಮ್ಮದು ಬಿಜೈಯಲ್ಲಿ ಮೂರನೇ ಮಹಡಿಯ ಫ್ಲಾಟ್. ಹಾಲಿಗೆ ಹೊಳೆಯುವ ಬಿಳಿ ಟೈಲ್ಸ್, ಮಾತಾಡಿದರೆ ಖಾಲಿ ಕೋಣೆಯ ಹಾಗೆ ಸದ್ದು ಮರಳಿ ಬರುತ್ತದೆ. ಒಂದು ಒಳ್ಳೆಯ ಉಣ್ಣೆ ನೆಲಹಾಸು ಹಾಕಬೇಕು ಅಂತ ಬಹಳ ಕಾಲದ ಆಸೆ. ಬಣ್ಣ ಕೆನೆ, ಬೂದು, ತಿಳಿ ಕಂದು, ಇಷ್ಟರೊಳಗೇ ಬೇಕು. ಹೂಬಳ್ಳಿ ಬೇಡ. ಅತ್ತೆಯವರು, ಚಪ್ಪಲಿಗೇ ಬೂಷ್ಟು ಹಿಡಿಯುವ ಊರಲ್ಲಿ ಉಣ್ಣೆ ಯಾಕೆ ಮಗಾ ಅಂತಾರೆ. ಮನೆಯವರಿಗೆ ಬೂದು ಅಂದರೆ ಸಪ್ಪೆ. ಮಗು ಈಗಷ್ಟೇ ಅಂಬೆಗಾಲಿಡುತ್ತಿದೆ. ಇನ್ನೊಂದು ವಿಷಯ, ಅಂಗಡಿಯಲ್ಲಿ ನೋಡಲು ಒಂದೇ ಥರ ಇದ್ದ ಎರಡು ರಗ್ಗಿಗೆ ಬೆಲೆಯಲ್ಲಿ ಭಾರೀ ವ್ಯತ್ಯಾಸ ಇತ್ತು, ಎರಡೂ ಹ್ಯಾಂಡ್‌ಮೇಡ್ ಅಂತಲೇ ಹೇಳಿದರು. ಎಂತ ವ್ಯತ್ಯಾಸ ಅಂತ ಯಾರಾದರೂ ತಿಳಿಸಿ.

ಮಲ್ಪೆ_ಗಾಳಿ:
ನಾನು ಬೇಡ ಅಂತಲೇ ಹೇಳುವುದು. ನಮ್ಮ ಪಕ್ಕದ ಮನೆಯವರು ಮಳೆಗಾಲಕ್ಕೆ ಮನೆ ಮುಚ್ಚಿ ಮಗನ ಹತ್ತಿರ ದುಬೈಗೆ ಹೋಗಿದ್ದರು. ಬಂದು ನೋಡಿದರೆ ಸೋಫಾದ ಅಡಿಯಲ್ಲಿದ್ದ ಕಾರ್ಪೆಟನ್ನು ಹುಳ ತಿಂದು ಅಲ್ಲಲ್ಲಿ ಬೋಳು ಮಾಡಿತ್ತು. ನಡೆದಾಡುವ ಕಡೆ ಏನೂ ಆಗಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಜಾಗ ಇದು. ಹತ್ತಿಯದ್ದು ತಗೊಳ್ಳಿ, ಒಗೆಯಲಿಕ್ಕಾದರೂ ಆಗುತ್ತದೆ. ನವಲಗುಂದದ ಜಮಖಾನ ಹತ್ತಿಯದ್ದೇ, ಕೈಯಲ್ಲೇ ನೇಯುತ್ತಾರೆ, ತಲೆಮಾರು ಬಾಳುತ್ತದೆ. ಬಣ್ಣ ಮಾತ್ರ ನೀವು ಕೇಳಿದ ಹಾಗೆ ತಣ್ಣಗೆ ಇರುವುದಿಲ್ಲ.

ಹಾಸುಹೊಕ್ಕು:
ಮಲ್ಪೆಯವರೇ, ನೀವು ಹೇಳಿದ್ದರಲ್ಲೇ ಉತ್ತರ ಉಂಟಲ್ವಾ? ನಡೆದಾಡುವ ಕಡೆ ಏನೂ ಆಗಲಿಲ್ಲ. ಉಣ್ಣೆ ತಿನ್ನುವುದು ಪತಂಗದ ಮರಿಹುಳ, ಅದಕ್ಕೆ ಕತ್ತಲೆ ಬೇಕು, ಯಾರೂ ಅಲುಗಾಡಿಸದ ಜಾಗ ಬೇಕು. ದಿನಾ ಜನ ಓಡಾಡುವ, ವಾರಕ್ಕೊಮ್ಮೆ ಮಗುಚಿ ಗುಡಿಸುವ ಮನೆಯಲ್ಲಿ ಅದು ನೆಲೆ ನಿಲ್ಲುವುದು ಕಷ್ಟ. ಬೂಷ್ಟಿನ ವಿಷಯಕ್ಕೆ ಬಂದರೆ ನಮ್ಮ ಹವೆಯಲ್ಲಿ ಹೆಚ್ಚು ಬೇಗ ಹಾಳಾಗುವುದು ಸೆಣಬಿನ ರಗ್ಗು. ಈಗ ಎಲ್ಲರೂ ಬಣ್ಣ ಚೆಂದ ಅಂತ ಅದನ್ನೇ ತಂದು ಹಾಸುತ್ತಾರೆ, ಆಟಿ ತಿಂಗಳ ಮಳೆ ಬರುವಾಗ ಮುಗ್ಗುಲು ವಾಸನೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಗಾಳಿ ಒಣಗಿದಾಗ ಅದನ್ನು ಬಿಟ್ಟುಕೊಡುತ್ತದೆ.

ಬೆಲೆಯ ಪ್ರಶ್ನೆಗೆ ಉತ್ತರ ರಗ್ಗಿನ ಬೆನ್ನಲ್ಲಿ ಉಂಟು. ತಿರುಗಿಸಿ ನೋಡಿ. ಹಿಂದೆ ಒಂದು ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಅಂದರೆ ಚಾಚಿ ಕಟ್ಟಿದ ಬಟ್ಟೆಗೆ ಕೈಯಲ್ಲಿ ಹಿಡಿಯುವ ಯಂತ್ರದಿಂದ ನೂಲು ಚುಚ್ಚಿ, ಅದು ಬಿಚ್ಚಿಹೋಗದ ಹಾಗೆ ಹಿಂದೆ ಲೇಟೆಕ್ಸ್ ಅಂಟು ಬಳಿದು ಮುಚ್ಚುವುದು. ಕೈಕೆಲಸ ಹೌದು, ನೇಯ್ಗೆ ಅಲ್ಲ. ನಮ್ಮ ಸೆಖೆಗೆ, ತೇವಕ್ಕೆ ಆ ಅಂಟು ವಾಸನೆ ಬರುತ್ತದೆ, ವರ್ಷಗಳು ಹೋದ ಹಾಗೆ ಪುಡಿಯಾಗಿ ನೆಲಕ್ಕೆ ಉದುರುತ್ತದೆ. ಗಾಳಿಯೂ ಆಡುವುದಿಲ್ಲ. ಮಗ್ಗದಲ್ಲಿ ನೇಯ್ದದ್ದರ ಬೆನ್ನಿನಲ್ಲಿ ಹಾಸು ಹೊಕ್ಕಿನ ನೂಲು, ಅಂದರೆ ಉದ್ದದ ಎಳೆ ಅಡ್ಡದ ಎಳೆ, ಬರಿಗಣ್ಣಿಗೆ ಕಾಣುತ್ತದೆ. ಗಂಟು ಹಾಕಿದ್ದಾದರೆ, ಉತ್ತರ ಪ್ರದೇಶದ ಭದೋಹಿ ಕಡೆಯಿಂದ ಬರುವಂಥದ್ದು, ಹಿಂದೆಯೂ ಒಂದೊಂದು ಗಂಟು ಕಾಣಬೇಕು. ಅದೇ ಎಲ್ಲಕ್ಕಿಂತ ದುಬಾರಿ. ಆ ಕಸುಬಲ್ಲಿ ಮಕ್ಕಳನ್ನು ದುಡಿಸುತ್ತಿದ್ದದ್ದನ್ನು ತಡೆಯಲಿಕ್ಕೆ ಮಕ್ಕಳ ಹಕ್ಕುಗಳ ಹೋರಾಟಗಾರ ಕೈಲಾಶ್ ಸತ್ಯಾರ್ಥಿಯವರು 1994ರಲ್ಲಿ ರಗ್‌ಮಾರ್ಕ್ ಅನ್ನುವ ಗುರುತು ಶುರುಮಾಡಿದರು, ಈಗ ಅದರ ಹೆಸರು ಗುಡ್‌ವೀವ್. ಆ ಚೀಟಿ ಉಂಟಾ ಅಂತ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ.

ನಿಜವಾಗಿ ಉಣ್ಣೆಯೇನಾ ಅಂತ ತಿಳಿಯಲಿಕ್ಕೆ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯ ಹಾಗೆ ಮಿಂಚುತ್ತದೆ ಅಂತ ವಿಸ್ಕೋಸ್ ಅನ್ನುವ ಕೃತಕ ನೂಲು ಸೇರಿಸಿದ್ದನ್ನು ತೋರಿಸುತ್ತಾರೆ, ಅದಂತೂ ಬೇಡವೇ ಬೇಡ, ನೀರು ಬಿದ್ದ ಕಡೆ ಹಳದಿಯಾಗಿ ಕಲೆ ನಿಲ್ಲುತ್ತದೆ.

ಕೆಂಪು_ನೆಲದ_ಮನೆ:
ಬಣ್ಣದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಸಪ್ಪೆ ಅನ್ನುವ ಮಾತು ಕೇಳಿ ಸುಮ್ನೆ ಇರಲಿಕ್ಕೆ ಆಗಲಿಲ್ಲ.

ಬಣ್ಣ ಹಾಕಿದ ಬೂದು ಬೇರೆ, ಕುರಿಯ ಮೈಮೇಲಿದ್ದ ಬೂದು ಬೇರೆ. ಡೈ ಹಾಕಿದ ನೂಲು ಈ ತುದಿಯಿಂದ ಆ ತುದಿಗೆ ಒಂದೇ ಸಮ. ಬಣ್ಣ ಹಾಕದ ಉಣ್ಣೆಯಲ್ಲಿ ಕಪ್ಪು, ಕಂದು, ಬಿಳಿ ಕೂದಲು ಒಂದೇ ಎಳೆಯಲ್ಲಿ ಬೆರೆತಿರುತ್ತದೆ, ಕೈಯಲ್ಲಿ ನೂತದ್ದಾದರೆ ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆಳಿಗ್ಗೆ ಕಿಟಕಿಯ ಬೆಳಕಲ್ಲಿ ನೋಡಿದಾಗ ಒಂದು ಬಣ್ಣ, ಮೋಡ ಕವಿದ ಮಧ್ಯಾಹ್ನ ಇನ್ನೊಂದು. ಡಿಸೈನ್ ಇಲ್ಲದಿದ್ದರೂ ಕಣ್ಣಿಗೆ ಬೇಸರ ಬರುವುದಿಲ್ಲ, ಅದಕ್ಕೇ ನನಗೆ ಇಷ್ಟ. ಉಡುಪಿಯ ನಮ್ಮ ಹಳೇ ಮನೆಯಲ್ಲಿ ಕಾವಿ ನೆಲ, ಅದರ ಮೇಲೆ ಏನು ಬಣ್ಣದ್ದು ಹಾಕಿದರೂ ಜಗಳ. ಚಳ್ಳಕೆರೆ ಕಡೆಯಿಂದ ತಂದ ಕಂದುಗಪ್ಪು ಕಂಬಳಿ ಮಾತ್ರ ಆ ಕೆಂಪಿನ ಮೇಲೆ ಕೂತ ಹಾಗೆ ಯಾವುದೂ ಕೂರಲಿಲ್ಲ.

ನಮ್ಮ ರಾಜ್ಯದಲ್ಲೇ ಇಂಥ ಉಣ್ಣೆ ಇದೆ. ಚಿತ್ರದುರ್ಗ, ಹಾವೇರಿ ಕಡೆ ಕುರುಬರು ಡೆಕ್ಕನಿ ಕುರಿಯ ಉಣ್ಣೆ ತೆಗೆದು, ಮನೆಯ ಹೆಂಗಸರು ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಈಗ ಮಾಂಸಕ್ಕೆ ಅಂತ ಉಣ್ಣೆ ಇಲ್ಲದ ತಳಿಯ ಕುರಿ ಸಾಕುವವರು ಜಾಸ್ತಿಯಾಗಿ, ಕಂಬಳಿ ಕೊಳ್ಳುವವರು ಕಡಿಮೆಯಾಗಿ, ಕತ್ತರಿಸಿದ ಉಣ್ಣೆಯನ್ನು ಬಿಸಾಡುವುದೂ ಉಂಟು. ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವು ದೂರದ ದೇಶದ ಉಣ್ಣೆ ಅಂತ ಹುಡುಕಿಕೊಂಡು ಹೋಗುತ್ತೇವೆ. ಒಂದು ಮಾತು ಮಾತ್ರ ನಿಜ, ಇದು ಒರಟು, ಚುಚ್ಚುತ್ತದೆ. ಅಂಬೆಗಾಲಿಡುವ ಮಗುವಿನ ಮೊಣಕಾಲಿಗೆ ಆಗದು. ಈಗ ಮೆತ್ತಗಿನ ಉಣ್ಣೆಯದ್ದು ತಗೊಳ್ಳಿ, ಕಂಬಳಿಯನ್ನು ದಿವಾನದ ಮೇಲೆ ಹಾಸಿ.

ಬಿಜೈ_ಫ್ಲಾಟ್:
ತುಂಬಾ ಥ್ಯಾಂಕ್ಸ್. ಹಾಗಾದರೆ ಬಣ್ಣ ಹಾಕದ, ಮಗ್ಗದಲ್ಲಿ ಚಪ್ಪಟೆಯಾಗಿ ನೇಯ್ದದ್ದನ್ನೇ ನೋಡುತ್ತೇನೆ. ಹಾಲುಬಿಳಿ ತಗೊಳ್ಳಬಹುದಾ? ಮಳೆಗಾಲದಲ್ಲಿ ಎತ್ತಿಡಬೇಕಾ? ಮಗು ಇರುವಾಗ ನಫ್ತಲಿನ್ ಗುಳಿಗೆ ಹಾಕಲು ಮನಸ್ಸಿಲ್ಲ.

ಹಾಸುಹೊಕ್ಕು:
ಹಾಲುಬಿಳಿ ಬೇಡ, ನಮ್ಮ ಕೆಂಪು ಮಣ್ಣು ಮೂರನೇ ಮಹಡಿಗೂ ಕಾಲಿನ ಜೊತೆ ಬರುತ್ತದೆ. ಕಂದು ಬೂದು ಬೆರೆತದ್ದು ಒಳ್ಳೆಯದು. ಎತ್ತಿಡುವ ಅಗತ್ಯ ಇಲ್ಲ, ಮನೆ ಮುಚ್ಚಿ ಹೋಗುವುದಿದ್ದರೆ ಮಾತ್ರ ಚೆನ್ನಾಗಿ ಕೊಡವಿ, ಒಣಗಿಸಿ, ಮಡಚದೆ ಸುರುಳಿ ಸುತ್ತಿ ಹಳೇ ಹತ್ತಿ ಸೀರೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ. ಮಗು ಇರುವ ಮನೆಗೆ ನಫ್ತಲಿನ್ ಬೇಡ ಅನ್ನುವುದು ಸರಿ, ವಾರಕ್ಕೊಮ್ಮೆ ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಸೋಫಾ ಸರಿಸಿ ಅಡಿಯದ್ದೂ ಸೇರಿಸಿ. ಮಳೆ ಬಿಟ್ಟ ದಿನ ಬಾಲ್ಕನಿಯಲ್ಲಿ ಗಾಳಿಗೆ ಹಾಕಿ. ನುಣುಪು ಟೈಲ್ಸ್ ಮೇಲೆ ಜಾರುತ್ತದೆ, ಕೆಳಗೆ ಬಲೆಯಂಥ ರಬ್ಬರ್ ಹಾಸು ಹಾಕಿದರೆ ಹಿಡಿತವೂ ಸಿಗುತ್ತದೆ, ಅಡಿಯಿಂದ ಗಾಳಿಯೂ ಆಡುತ್ತದೆ.

ಮೀನು ಸಾರು ಚೆಲ್ಲಿದರೆ ಉಜ್ಜಬೇಡಿ, ಒಣ ಬಟ್ಟೆ ಒತ್ತಿ ಹೀರಿಸಿ, ಅದೂ ತಕ್ಷಣ. ಅರಿಶಿನ ಉಣ್ಣೆಗೆ ಹಿಡಿದರೆ ಬಿಡುವುದಿಲ್ಲ. ಬಟ್ಟೆ ಒಗೆಯುವ ಸೋಪಿನ ಪುಡಿ ಉಣ್ಣೆಯನ್ನೇ ತಿನ್ನುತ್ತದೆ, ಅಂಟುವಾಳದ ನೀರು ಸಾಕು.

ಕೆಂಪು_ನೆಲದ_ಮನೆ:
ಕೊಳ್ಳುವ ಮೊದಲು ಒಂದು ಸಂಜೆ ಮನೆಗೆ ತಂದು ಹಾಸಿ ನೋಡಲು ಬಿಡುತ್ತಾರಾ ಅಂತ ಅಂಗಡಿಯವರನ್ನು ಕೇಳಿ. ಅಂಗಡಿಯ ಹಳದಿ ಬೆಳಕಲ್ಲಿ ಬೆಚ್ಚಗೆ ಕಂಡ ಬೂದು ಮನೆಯ ಬಿಳಿ ಟ್ಯೂಬ್‌ಲೈಟಲ್ಲಿ ನೀಲಿಗೆ ತಿರುಗಿದಂತೆ ಕಾಣಬಹುದು. ನಿಮ್ಮ ಯಜಮಾನರನ್ನೂ ಆಗಲೇ ಕೂರಿಸಿ ಕೇಳಿ.