ಫ್ಲಾಸ್ಕ್ ಎಲ್ಲಿ ಹೋಯಿತು?

ನಮ್ಮ ವಾಟ್ಸಾಪ್ ಗುಂಪಿನ ಹೆಸರು 'ಗುತ್ತಲು ರಸ್ತೆ ಮನೆ'. ಮಂಡ್ಯದ ಆ ಮನೆ ಮಾರಿ ಹನ್ನೊಂದು ವರ್ಷವಾಯಿತು. ಗುಂಪಿನಲ್ಲಿ 34 ಜನ ಇದ್ದೇವೆ. ಮಾತಾಡುವವರು ಏಳೆಂಟು ಜನ. ಉಳಿದವರು ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮತ್ತೆ ಮಲಗುತ್ತಾರೆ.

ಹೋದ ಭಾನುವಾರ ಬೆಳಿಗ್ಗೆ ಆರು ಹತ್ತಕ್ಕೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು.

'ಎಚ್ಚರ! ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಎರಡೂ ಕಡೆ ಸಮ ಮಾಡಿಸಿಕೊಳ್ಳಲು ಹೊರಟವರೇ, ಓದಿ. ಒಳಗೆ ಇಡುವ ಸಿಲಿಕಾನ್‌ನಿಂದ ಕ್ಯಾನ್ಸರ್ ವಾಪಸ್ ಬರುತ್ತದೆ. ವಿದೇಶಗಳಲ್ಲಿ ಇದು ನಿಷೇಧ. ಡಾಕ್ಟರುಗಳು ಹೇಳುವುದಿಲ್ಲ.' ಕೆಳಗೆ 'ಇನ್ನಷ್ಟು ಓದಿ' ಅಂತ ಇತ್ತು. ಯಾರೂ ಅದನ್ನು ಒತ್ತಲಿಲ್ಲ. ನಾನೂ ಒತ್ತಲಿಲ್ಲ.

ಚಿಕ್ಕಪ್ಪ ಯಾಕೆ ಹಾಕಿದರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಚಿಕ್ಕಮ್ಮನಿಗೆ ಬಲಗಡೆಯ ಸ್ತನ ತೆಗೆದರು. ಆಮೇಲೆ ರೇಡಿಯೇಷನ್ ಕೂಡ ಆಯಿತು. ಚಿಕ್ಕಮ್ಮ ಮೈಸೂರಿನ ಕುವೆಂಪುನಗರದಲ್ಲಿ ಬ್ಲೌಸ್ ಹೊಲಿಯುತ್ತಾರೆ. ಎಡಗಡೆಯ ಭಾರಕ್ಕೆ ಕುತ್ತಿಗೆ, ಭುಜ ಎಳೆಯುತ್ತದೆ. ಬಟ್ಟೆಯ ಚೀಲಕ್ಕೆ ಸಾಸಿವೆ ತುಂಬಿ ಬಲಗಡೆ ಇಟ್ಟುಕೊಳ್ಳುತ್ತಿದ್ದರು. ಮಷಿನ್ ತುಳಿಯುವಾಗ ಅದು ಜಾರುತ್ತಿತ್ತು. 'ಇದಕ್ಕೇನಾದರೂ ಮಾಡಿಸಬೇಕು' ಅಂತ ಯುಗಾದಿ ಊಟದ ದಿನ ಎಲ್ಲರ ಮುಂದೆ ಹೇಳಿದ್ದರು. ನಾವು ತಲೆ ಎತ್ತದೆ ಒಬ್ಬಟ್ಟು ತಿಂದಿದ್ದೆವು.

ಮೊದಲು ಬಂದವರು ಮಂಡ್ಯ ದೊಡ್ಡಪ್ಪ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವರು.

'ಅರವತ್ತರ ಹತ್ತಿರ ಬಂದ ಮೇಲೆ ಅಂದಚಂದ ಯಾಕೆ? ದೇವರು ಜೀವ ಉಳಿಸಿದ್ದಾನೆ. ಅಷ್ಟಕ್ಕೆ ತೃಪ್ತಿ ಇರಬೇಕು.'

ದೊಡ್ಡಪ್ಪ ಹೋದ ವರ್ಷ ಮುಂದಿನ ಎರಡು ಹಲ್ಲು ಕಟ್ಟಿಸಿಕೊಂಡರು. ಅದನ್ನು ಟೈಪ್ ಮಾಡಿದೆ, ಅಳಿಸಿದೆ. ಬದಲಿಗೆ ನನ್ನ ಮಾಮೂಲಿ ಸಾಲು ಹಾಕಿದೆ: 'ಇದರ ಮೂಲ ಯಾವುದು?'

ಎಲ್ಲದಕ್ಕೂ ಮೂಲ ಕೇಳುತ್ತೇನೆ ಅಂತ ಚೇತು ನನಗೆ 'ಮೂಲವ್ಯಾಧಿ' ಅಂತ ಹೆಸರಿಟ್ಟಿದ್ದಾನೆ. ತಮ್ಮ ಅಂತ ಸುಮ್ಮನಿದ್ದೇನೆ.

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಹಾಗಾಗಿ ನಾನೇ ಉದ್ದಕ್ಕೆ ಬರೆದೆ. ಅದು ಸಿಲಿಕಾನ್ ಅಲ್ಲ, ಸಿಲಿಕೋನ್ ಅಂತ ಶುರು ಮಾಡಿದೆ. ಈಗ ಓದಿದರೆ ನನಗೇ ನಾಚಿಕೆಯಾಗುತ್ತದೆ. ವಿಷಯ ಮಾತ್ರ ಸರಿಯಾಗಿತ್ತು. ಸ್ತನದ ಆಕಾರಕ್ಕೆ ಒಳಗೆ ಇಡುವ ಸಿಲಿಕೋನ್ ಚೀಲಕ್ಕೆ, ಅಂದರೆ ಇಂಪ್ಲಾಂಟ್‌ಗೆ, ಅಮೆರಿಕದಲ್ಲಿ ತಡೆ ಬಿದ್ದದ್ದು ನಿಜ, ಆದರೆ ಅದು 1992ರ ಮಾತು. ಆಗಲೂ ಕ್ಯಾನ್ಸರ್ ಆಪರೇಷನ್ ಆದವರಿಗೆ ವಿನಾಯಿತಿ ಇತ್ತು. 2006ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ಇನ್ನೊಂದು ಸಂಗತಿಯೂ ನಿಜ. 2019ರ ಜುಲೈಯಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೇಲ್ಮೈ ಒರಟಾಗಿರುವ ಒಂದು ಬಗೆಯ ಇಂಪ್ಲಾಂಟನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲು ಕಂಪನಿಗೆ ಹೇಳಿತು. ಇಂಪ್ಲಾಂಟ್ ಸುತ್ತ ದೇಹ ಕಟ್ಟಿಕೊಳ್ಳುವ ಪದರದಲ್ಲಿ ಅಪರೂಪಕ್ಕೆ ಒಂದು ಲಿಂಫೋಮಾ, ಅಂದರೆ ರೋಗನಿರೋಧಕ ಕಣಗಳ ಕ್ಯಾನ್ಸರ್, ಕಾಣಿಸುತ್ತಿತ್ತು. ಅದು ಸ್ತನ ಕ್ಯಾನ್ಸರ್ ಮರಳಿ ಬಂದದ್ದಲ್ಲ, ಬೇರೆಯೇ ಕಾಯಿಲೆ. ಇಂಪ್ಲಾಂಟ್ ಇರುವ ಎಲ್ಲರೂ ತೆಗೆಸಿಕೊಳ್ಳಿ ಅಂತಲೂ ಎಫ್‌ಡಿಎ ಹೇಳಲಿಲ್ಲ. ತೊಂದರೆ ಇಲ್ಲದವರು ಹಾಗೇ ಇರಬಹುದು ಅಂದಿತು.

ಚೇತು ಬರೆದ: 'ಅಕ್ಕ, ಇದು ಎಷ್ಟು ಮಾರ್ಕ್ಸಿನ ಪ್ರಶ್ನೆ?'

ಒಂಬತ್ತು ಜನ ನಕ್ಕರು. ನನ್ನ ಬರಹಕ್ಕೆ ಬಂದದ್ದು ಒಂದು ಹೆಬ್ಬೆರಳು. ಅದೂ ಸುಧತ್ತೆಯದು. ಅವರು ಎಲ್ಲದಕ್ಕೂ ಹೆಬ್ಬೆರಳು ಒತ್ತುತ್ತಾರೆ, ಸಾವಿನ ಸುದ್ದಿಗೂ.

ಅಷ್ಟರಲ್ಲಿ ಮಂಜಣ್ಣ ಬಂದ. ಇನ್ಶೂರೆನ್ಸ್ ಏಜೆಂಟ್. 'ಇದೆಲ್ಲ ಕಾಸ್ಮೆಟಿಕ್. ಒಂದು ರೂಪಾಯಿ ಕ್ಲೇಮ್ ಆಗಲ್ಲ.'

ಇಲ್ಲಿ ನನಗೆ ತಡೆಯಲಾಗಲಿಲ್ಲ. ಸೌಂದರ್ಯದ ಸರ್ಜರಿಗೆ ಹಣ ಇಲ್ಲ ಅನ್ನುವ ಷರತ್ತಿನಲ್ಲೇ ಒಂದು ಹೊರತು ಇದೆ. ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ಆದ ಮೇಲೆ ಮತ್ತೆ ಕಟ್ಟುವ ಸರ್ಜರಿಗೆ ಆ ನಿಷೇಧ ಇಲ್ಲ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟದ್ದು ಇದು. ಆದರೆ ಕಾಯಿಲೆ ಇಲ್ಲದ ಕಡೆಯನ್ನು ಸಮ ಮಾಡಿಸುವ ಬಗ್ಗೆ ಅಲ್ಲಿ ಬಿಡಿಸಿ ಹೇಳಿಲ್ಲ. ಕಂಪನಿಯವರು ಅಲ್ಲೇ ತಕರಾರು ತೆಗೆಯಬಹುದು. ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು.

ಮಂಜಣ್ಣ: 'ಪಾಲಿಸಿ ನನ್ನ ಹತ್ತಿರ ಮಾಡಿಸಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ. ಬೇರೆಯವರ ಹತ್ತಿರ ಮಾಡಿಸಿ ಈಗ ನನ್ನ ಕೇಳಿದರೆ?'

ಅವನನ್ನು ಯಾರೂ ಕೇಳಿರಲಿಲ್ಲ. ಅದು ಬೇರೆ ವಿಷಯ.

ಅಮೆರಿಕದಿಂದ ಅಶ್ವಿನಿ ಎದ್ದಳು. ಅಲ್ಲಿ ರಾತ್ರಿ. 'ಇಲ್ಲಿ 1998ರಿಂದ ಕಾನೂನೇ ಇದೆ. ಸ್ತನ ತೆಗೆಸಿದ್ದಕ್ಕೆ ಇನ್ಶೂರೆನ್ಸ್ ಹಣ ಕೊಟ್ಟರೆ, ಮತ್ತೆ ಕಟ್ಟಿಸುವುದಕ್ಕೂ ಕೊಡಬೇಕು. ಇನ್ನೊಂದು ಕಡೆ ಸಮ ಮಾಡಿಸುವುದಕ್ಕೂ.'

ದೊಡ್ಡಪ್ಪ: 'ನಿಮ್ಮಲ್ಲಿ ಎಲ್ಲ ಇದೆ ಮಗಳೇ. ಅಜ್ಜಿಯ ತಿಥಿಗೆ ಬರೋಕೆ ಮಾತ್ರ ರಜ ಇಲ್ಲ.'

ಐದು ನಿಮಿಷ ಗುಂಪು ಸ್ತಬ್ಧ. ವಾತಾವರಣ ತಿಳಿ ಮಾಡಲೋ ಏನೋ, ಸುಧತ್ತೆ ಬರೆದರು: 'ಏನೇ ಅನ್ನಿ, ಪ್ಲಾಸ್ಟಿಕ್ ಸರ್ಜರಿ ಎಲ್ಲ ಫಾರಿನ್‌ನವರ ಶೋಕಿ.'

ಚರಿತ್ರೆ ಮೇಷ್ಟ್ರಿಗೆ ಇದನ್ನು ಸಹಿಸಲಾಗಲಿಲ್ಲ. ಅಂದಚಂದ ಯಾಕೆ ಅಂದವರೇ ಈಗ ಪ್ಲಾಸ್ಟಿಕ್ ಸರ್ಜರಿಯ ಪರ ವಕೀಲರಾದರು. 'ತಪ್ಪು ಸುಧಾ. ಅವರು ಕಲಿತದ್ದೇ ನಮ್ಮಿಂದ. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಕಡೆ ಕಾವಸ್‌ಜಿ ಅಂತ ಒಬ್ಬ ಎತ್ತಿನ ಗಾಡಿಯವನಿದ್ದ. ಟಿಪ್ಪುವಿನ ಕೈಗೆ ಸಿಕ್ಕಿ ಮೂಗು, ಒಂದು ಕೈ ಕಳೆದುಕೊಂಡ. ಪುಣೆ ಹತ್ತಿರ ಅವನ ಹಣೆಯ ಚರ್ಮ ತಿರುಗಿಸಿ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರ ಸಮೇತ ಬಂತು. ಅದನ್ನು ಓದಿ ಅಲ್ಲಿನ ಸರ್ಜನ್ ಒಬ್ಬ 1814ರಲ್ಲಿ ಹಾಗೇ ಮಾಡಿದ.'

ಒಪ್ಪಬೇಕು, ಚೆನ್ನಾಗಿ ಬರೆದಿದ್ದರು. ಹತ್ತಿರದ ಚರ್ಮವನ್ನು ಬುಡ ಕೀಳದೆ ತಿರುಗಿಸಿ ಕೂರಿಸುವ ಆ ಉಪಾಯವೇ, ಇವತ್ತು ಸ್ತನ ಮತ್ತೆ ಕಟ್ಟಲು ಬೆನ್ನಿನ ಸ್ನಾಯುವನ್ನು ಎದೆಗೆ ತರುವುದರಲ್ಲೂ ಇದೆ. ನಾನು ಅದನ್ನು ಹೇಳಬೇಕು ಅನ್ನುವಷ್ಟರಲ್ಲಿ ಚೇತು ಬಂದ.

'ಟಿಪ್ಪು ಮೂಗು ಕುಯ್ದ ಅಂತ ಇಂಗ್ಲಿಷರು ಬರೆದರೆ ನಂಬಬೇಕಾ? ಅಕ್ಕ, ಈಗ ಮೂಲ ಕೇಳು!'

ಮಂಜಣ್ಣ ಏನೋ ಬರೆದು ಅಳಿಸಿದ. ಅಡ್ಮಿನ್ ಭಾವ ದಪ್ಪ ಅಕ್ಷರದಲ್ಲಿ ಹಾಕಿದರು: 'ಟಿಪ್ಪು ವಿಷಯ ಈ ಗುಂಪಿನಲ್ಲಿ ಬೇಡ ಅಂತ ಮೊದಲೇ ತೀರ್ಮಾನ ಆಗಿದೆ.' ಆಗಿದ್ದು ಹೌದು. ಹಿಂದೊಮ್ಮೆ ಇದೇ ವಿಷಯಕ್ಕೆ ಇಬ್ಬರು ಗುಂಪು ಬಿಟ್ಟು, ಮದುವೆ ಕರೆಯೋಲೆಯ ನೆಪದಲ್ಲಿ ವಾಪಸ್ ಬಂದಿದ್ದರು.

ಶ್ರೀರಂಗಪಟ್ಟಣ ಅಂದ ಕೂಡಲೇ ರವಿಗೆ ಸಂಗಮ ನೆನಪಾಯಿತು. ಸಂಗಮದಲ್ಲಿ ಅವನ ಚಪ್ಪಲಿ ತೇಲಿ ಹೋದದ್ದು, ಬರಿಗಾಲಲ್ಲಿ ಬಸ್ ಹತ್ತಿದ್ದು, ಮಂಡ್ಯ ಬಂದಾಗ ಸಕ್ಕರೆ ಕಾರ್ಖಾನೆಯ ವಾಸನೆ, ಸಾಲುಗಟ್ಟಿ ನಿಂತ ಗಾಡಿಗಳಿಂದ ಕಬ್ಬು ಎಳೆದು ಓಡಿದ್ದು, ಆಲೆಮನೆಯ ಬಿಸಿ ಬೆಲ್ಲಕ್ಕೆ ನಾಲಿಗೆ ಸುಟ್ಟದ್ದು. ಹಳೆಯ ಫೋಟೋ ಒಂದನ್ನೂ ಹಾಕಿದ. ಅದರಲ್ಲಿ ಚಿಕ್ಕಮ್ಮ ಹೊಸ ಮದುವಣಗಿತ್ತಿ. ಕೈಯಲ್ಲಿ ಸ್ಟೀಲ್ ಫ್ಲಾಸ್ಕ್.

ಅಲ್ಲಿಗೆ ಮುಗಿಯಿತು. ಸುಧತ್ತೆ ಕೇಳಿದರು: 'ಅದು ನಮ್ಮಮ್ಮನ ಫ್ಲಾಸ್ಕ್ ಅಲ್ವಾ? ಆಪರೇಷನ್ ಸಮಯದಲ್ಲಿ ಆಸ್ಪತ್ರೆಗೆ ನಾನೇ ಕಾಫಿ ತುಂಬಿ ಕಳಿಸಿದ್ದೆ. ವಾಪಸ್ ಬರಲಿಲ್ಲ.'

ಅಡ್ಮಿನ್ ಭಾವನ ಹೆಂಡತಿ, ಅಂದರೆ ನನ್ನಕ್ಕ: 'ಕಾಫಿ ತಂದಿದ್ದು ಒಂದು ದಿನ. ಹನ್ನೆರಡು ದಿನ ಊಟ ಹೊತ್ತವರು ಯಾರು ಅಂತ ಹೇಳಲಾ?'

'ನಾನು ಲೆಕ್ಕ ಇಟ್ಟಿಲ್ಲಮ್ಮ.'

'ಫ್ಲಾಸ್ಕ್ ಲೆಕ್ಕ ಇಟ್ಟಿದ್ದೀರಲ್ಲ ಅತ್ತೆ.'

ಆಮೇಲೆ ನಲವತ್ತು ನಿಮಿಷ ಫ್ಲಾಸ್ಕ್. ಯಾರ ಮನೆಗೆ ಹೋಯಿತು, ಮುಚ್ಚಳದ ಬಣ್ಣ ಯಾವುದು, ಮನೆ ಮಾರಿದಾಗ ಪಾತ್ರೆ ಹಂಚಿದ್ದು ಸರಿಯಾಗಿತ್ತೇ. ಇದರ ಮಧ್ಯೆ ಎಂಟು ಐವತ್ತಕ್ಕೆ ಚಿಕ್ಕಪ್ಪ ಒಂದು ಸಾಲು ಹಾಕಿದ್ದರು: 'ಹಾಗಾದ್ರೆ ಮಾಡಿಸಬಹುದಾ?' ಮೇಲೆ ಒಂದು ಫ್ಲಾಸ್ಕ್, ಕೆಳಗೆ ಒಂದು ಫ್ಲಾಸ್ಕ್. ನಾನು ಅದನ್ನು ನೋಡಿದ್ದು ಮಧ್ಯಾಹ್ನ, ಚಿಕ್ಕಮ್ಮನ ಫೋನ್ ಬಂದ ಮೇಲೆ.

'ಫ್ಲಾಸ್ಕ್ ನನ್ನ ಹತ್ತಿರಾನೇ ಇದೆ ಕಣೆ,' ಅಂದರು ಚಿಕ್ಕಮ್ಮ. 'ಮಷಿನ್ ಪಕ್ಕ ಇಟ್ಕೊಂಡಿದ್ದೀನಿ, ಬಿಸಿನೀರಿಗೆ. ಹೇಳ್ಬೇಡ. ಇನ್ನೂ ಸ್ವಲ್ಪ ಹೊತ್ತು ಜಗಳ ಆಡ್ಲಿ.'

ಬೆಳಿಗ್ಗೆಯಿಂದ ಎಲ್ಲ ಓದಿದ್ದರಂತೆ. ಫಾರ್ವರ್ಡನ್ನೂ ಕೊನೆವರೆಗೆ ಓದಿದ್ದರು. 'ಇನ್ನಷ್ಟು ಓದಿ' ಒತ್ತಿದರೆ ಕೆಳಗೆ ಯಾವುದೋ ಪುಡಿಯ ಜಾಹೀರಾತು. ಡಬ್ಬಿಗೆ 2,999 ರೂಪಾಯಿ, ಹಚ್ಚಿದರೆ ಎರಡೂ ಕಡೆ ಸಮ. 'ಕೊಟ್ಟಿರೋ ಫೋನ್ ನಂಬರಲ್ಲಿ ಹನ್ನೊಂದು ಅಂಕಿ ಇದೆ. ಅದನ್ನೂ ಒಬ್ಬರು ನೋಡ್ಲಿಲ್ಲ. ನೀನೂ ನೋಡ್ಲಿಲ್ಲ.'

ಮೂಲವ್ಯಾಧಿಗೆ ಇದಕ್ಕಿಂತ ಅವಮಾನ ಬೇಕೆ?

ಡಾಕ್ಟರು ಹೇಳಿದ್ದನ್ನೆಲ್ಲ ಚಿಕ್ಕಮ್ಮ ತಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದರು. ರೇಡಿಯೇಷನ್ ಆದ ಚರ್ಮ ಬಿಗಿದಿರುತ್ತದೆ, ಬಟ್ಟೆಗೆ ಗಂಜಿ ಹಾಕಿದ ಹಾಗೆ. ಅದರ ಕೆಳಗೆ ಇಂಪ್ಲಾಂಟ್ ಇಟ್ಟರೆ ಸುತ್ತಲಿನ ಪದರ ಗಟ್ಟಿಯಾಗಿ ಹಿಂಡುವುದು ಜಾಸ್ತಿ. ಹೊಟ್ಟೆಯ ಚರ್ಮ, ಕೊಬ್ಬು ತಂದು ಕಟ್ಟಬಹುದು. 'ಅದು ತುಂಡು ಪೂರ್ತಿ ಕತ್ತರಿಸಿ ತಂದು, ಮೈಕ್ರೋಸ್ಕೋಪ್‌ನಲ್ಲಿ ನೋಡಿಕೊಂಡು ರಕ್ತನಾಳ ಹೊಲಿಯೋದು. ತುಂಬಾ ಹೊತ್ತಿನ ಕೆಲಸ. ಅಷ್ಟು ಸಣ್ಣ ಹೊಲಿಗೆ ಹಾಕೋರನ್ನ ಒಂದ್ಸಲ ನೋಡ್ಬೇಕು ಅಂತಿದೆ ನನಗೆ.' ಬೆನ್ನಿನ ಸ್ನಾಯು ತಿರುಗಿಸುವುದು ಅಷ್ಟು ದೀರ್ಘ ಅಲ್ಲ. ಆದರೆ ಆ ಸ್ನಾಯು ತೋಳಿಗೆ ಬಲ ಕೊಡುವಂಥದ್ದು. ಕೊಬ್ಬು ತೆಗೆದು ಸೂಜಿಯಲ್ಲಿ ತುಂಬುವುದೂ ಇದೆ. ಅದರಲ್ಲಿ ಸ್ವಲ್ಪ ಭಾಗ ಇಂಗಿ ಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಮಾಡಿಸಬೇಕಾಗಬಹುದು.

'ಬಲಗಡೆಗೆ ಏನೂ ಬೇಡ ಅಂತ ಅಂದ್ಕೊಂಡಿದ್ದೀನಿ. ಎಡಗಡೆನೇ ಚಿಕ್ಕದು ಮಾಡಿಸ್ತೀನಿ. ಬ್ಲೌಸ್ ಬಟ್ಟೆ ಮಡಚಿ ಹೊಲಿದು ಡಾರ್ಟ್ ಹಿಡಿದ ಹಾಗೆ, ಅಲ್ವಾ? ಆಗ ಹಗುರದ ಪ್ಯಾಡ್ ಸಾಕು. ಸಾಸಿವೆ ಹೊರೋದು ತಪ್ಪುತ್ತೆ. ತೆಗೆದದ್ದನ್ನ ಲ್ಯಾಬಿಗೂ ಕಳಿಸಿ ನೋಡ್ತಾರಂತೆ, ಒಳಗೇನಾದರೂ ಅಡಗಿದೆಯಾ ಅಂತ. ಅದೂ ಒಳ್ಳೇದೇ.'

ನಾನು ಕೇಳಿದೆ, ಪೂರ್ತಿ ಸಮ ಆಗದಿದ್ದರೆ ಬೇಸರ ಆಗಲ್ವಾ ಅಂತ.

ಚಿಕ್ಕಮ್ಮ ನಕ್ಕರು. 'ಮೂವತ್ತೈದು ವರ್ಷದಿಂದ ಅಳತೆ ತಗೊಳ್ತಿದ್ದೀನಿ. ಎರಡೂ ಕಡೆ ಒಂದೇ ಅಳತೆ ಇರೋ ಹೆಂಗಸನ್ನ ಇನ್ನೂ ನೋಡಿಲ್ಲ. ನಿನಗೂ ಎಡಗಡೆ ಅರ್ಧ ಇಂಚು ಬಿಡ್ತೀನಿ. ಯಾವತ್ತಾದರೂ ಹೇಳಿದ್ದೀನಾ?'

ಹೇಳಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಆಪರೇಷನ್ ಆದ ಎಷ್ಟು ದಿನಕ್ಕೆ ಮಷಿನ್ ಮುಂದೆ ಕೂರಬಹುದು, ಕತ್ತರಿ ಹಿಡಿಯಬಹುದು? ಮದುವೆ ಸೀಸನ್ನಿನ ಬಟ್ಟೆ ಒಪ್ಪಿಕೊಳ್ಳಬೇಕೋ ಬೇಡವೋ? 1992, 2006, 2019 ಎಲ್ಲ ಗೊತ್ತಿದ್ದ ನನ್ನ ಹತ್ತಿರ ಅವರ ಕೈಗೆ ಹೊಂದುವ ಉತ್ತರ ಇರಲಿಲ್ಲ. ಡಾಕ್ಟರನ್ನೇ ಕೇಳೋಣ ಅಂದೆ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ ಅಂದರು.

'ಗುರುವಾರ ಹತ್ತೂವರೆಗೆ ಟೈಮ್ ಕೊಟ್ಟಿದ್ದಾರೆ. ನಿಮ್ಮ ಚಿಕ್ಕಪ್ಪ ಒಳಗೆ ಬಂದ್ರೆ ಅತ್ತುಬಿಡ್ತಾರೆ. ನೀನು ಬಾ.'

ಅಷ್ಟರಲ್ಲಿ ಗುಂಪಿನಲ್ಲಿ ಮತ್ತೆ ಟಿಂಗ್ ಅಂತು. ದೊಡ್ಡಪ್ಪ ಬರೆದಿದ್ದರು: 'ಮುಚ್ಚಳ ಕೆಂಪು. ನನಗೆ ಚೆನ್ನಾಗಿ ನೆನಪಿದೆ.'

'ನೀಲಿ,' ಅಂದರು ಚಿಕ್ಕಮ್ಮ ಫೋನಿನಲ್ಲಿ. 'ಬರೋವಾಗ ನಿನ್ನ ಅಳತೆ ಬ್ಲೌಸ್ ತಗೊಂಡು ಬಾ. ದಸರಾದಿಂದ ಆ ಬಟ್ಟೆ ಇಲ್ಲೇ ಬಿದ್ದಿದೆ.'